ತಲೆಯೊಳಗೊಬ್ಬ ಗೇಟ್ ಕಾಯುವವ

ಮೊಣಕಾಲಿನ ಎಕ್ಸ್‌ರೇಗೆ ಕಾದು ಕಾದು ಬೇಸತ್ತಿದ್ದ ದರ್ಜಿಯ ಕಿವಿ ನೆಟ್ಟಗಾದದ್ದು ಪಕ್ಕದ ಬೆಂಚಿನ ಗಂಡಹೆಂಡಿರ ಮಾತಿಗೆ. ಗಂಡನ ಬೋಳಿಸಿದ ತಲೆಯ ಮೇಲೆ ಹೊಲಿಗೆಯ ಗುರುತಿತ್ತು. ಕೆಲಸ ಅಚ್ಚುಕಟ್ಟಾಗಿದೆ ಎಂದು ದರ್ಜಿ ಮನಸ್ಸಿನಲ್ಲೇ ಮೆಚ್ಚಿಕೊಂಡ.

“ಮೊದಲಿನ ಔಷಧಿ ಯಾಕೆ ನಾಟಲಿಲ್ಲ ಅಂತ ಗೊತ್ತಾಯ್ತೇನ್ರೀ?”

“ಗೊತ್ತಾಗ್ದೆ ಏನು? ರಕ್ತದಲ್ಲಿ ಬಂದಿದ್ದನ್ನೆಲ್ಲ ಮೆದುಳು ಒಳಗೆ ಬಿಡಲ್ವಂತೆ. ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಂತೆ.”

“ನಿಮ್ಮ ಮೆದುಳೇ ತಾನೆ! ಮೂವತ್ತು ವರ್ಷ ಮಿಲ್ ಗೇಟ್ ಕಾದು, ಧಣಿಗಳ ಅಳಿಯನನ್ನೇ ಚೀಟಿ ಇಲ್ಲ ಅಂತ ವಾಪಸ್ ಅಟ್ಟಿದವರು.”

“ಚೀಟಿ ಇಲ್ದಿದ್ರೆ ಅಳಿಯ ಆದ್ರೇನು, ಮಾವ ಆದ್ರೇನು?”

“ಮತ್ತೆ ಈ ಹೊಸ ಔಷಧಿ ಹೇಗೆ ಹೋಯ್ತು?”

“ಅದರ ಹತ್ರ ಚೀಟಿ ಇತ್ತು ಅಂದ್ಕೋ. ಗಡ್ಡೆ ಅರ್ಧಕ್ಕರ್ಧ ಕರಗಿದೆ ಕಣೇ!”

ಹೆಂಡತಿ ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಇಬ್ಬರೂ ಎದ್ದು ಆಸ್ಪತ್ರೆಯ ಹೊರಬಾಗಿಲಿಗೆ ಹೋದರು. ಅಲ್ಲಿದ್ದ ಕಾವಲುಗಾರ ಮೊಬೈಲಿನಿಂದ ತಲೆಯೆತ್ತದೆ, ಹೋಗಿ ಎಂದು ಕೈಯಾಡಿಸಿದ. ಹೊಸ್ತಿಲು ದಾಟಿದ್ದ ಗಂಡ ತಿರುಗಿ ಬಂದು ಡಿಸ್‌ಚಾರ್ಜ್ ಚೀಟಿಯನ್ನು ಅವನ ಮುಖದೆದುರು ಹಿಡಿದ.

“ನೋಡಿ ಬಿಡಪ್ಪಾ. ಇದು ಕೈಗೆ ಸಿಗೋಕೆ ಎಂಟು ತಿಂಗಳು ಹಿಡಿದಿದೆ.”