ತಿಳಿ ನೇರಳೆ ಪಾಕೀಟು

ಮಾನ್ವಿ ನಿಲ್ದಾಣದಲ್ಲಿ ಜಾಲಹಳ್ಳಿ ಬಸ್ಸಿಗೆ ಕಾದು ಕುಳಿತಿದ್ದ ತಾಯಣ್ಣನ ಹಿಂದಿನ ಬೆಂಚಿಗೆ ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಬಂದರು.

“ಅಮರಕ್ಕ, ಈಗ ಅಂಗಡ್ಯಾಗ ಕೊಂಡ ಬೀಜಕ್ಕ ಹಚ್ಚೋ ವಿಷದ ಪುಡಿ ಇದು. ನಮ್ಮ ಸಂಘದ ಚಟ್ನಿಪುಡಿ ಪಾಕೀಟಿನ ಬಣ್ಣಾನ ಅದ, ನೋಡು!”

“ಅದ ತಿಳಿ ನೇರಳಿ. ಸಂಘದ ಪಾಕೀಟಿಗೆ ಆ ಬಣ್ಣ ನೀನ ಆರಿಸಿದ್ದಲ್ಲೇನ, ನಾಗವೇಣಿ?”

“ಕಣ್ಣಿಗೆ ತಂಪನಿಸ್ತು, ಆರಿಸಿದ್ನಿ. ಮನ್ಯಾಗ ಇಂಥದ ಇನ್ನೊಂದು ವಿಷದ ಪಾಕೀಟು, ಚಟ್ನಿಪುಡಿ, ಎರಡೂ ಒಂದ ಹಲಗಿ ಮ್ಯಾಲ ಅದಾವ.”

“ಮ್ಯಾಲ ಹೆಸರು ಬರದದಲ್ಲ?”

“ಅವ್ವಗ ಓದಾಕ ಬರಂಗಿಲ್ಲಕ್ಕ. ಬಣ್ಣ ನೋಡೇ ತಗೀತಾಳ.”

“ಫೋನ್ ಹಚ್ಚು ಮೊದ್ಲ!”

ತಾಯಣ್ಣ ಬೀಡಿ ಹಚ್ಚುವುದನ್ನೂ ಮರೆತ.

“ಅವ್ವ ಎತ್ತವಲ್ಲಳು... ಬಾಜು ಮನಿಯವರಿಗೆ ಹಚ್ತೀನಿ... ಯಕ್ಕಾ, ಅವ್ವ ಎಲ್ಲಿ?... ಹೊಲಕ್ಕ ಓಡು, ಬುತ್ತಿ ಉಣಬ್ಯಾಡ ಅನ್ನು!”

“ಏನಂದ್ಲು?”

“ಮನಿಗೆ ಕೀಲಿ ಹಾಕ್ಯದಂತ. ‘ಮಗಳು ಮಾಡಿದ ಪುಡಿ, ಹೊಸಾ ಪಾಕೀಟು ಹರದು ರೊಟ್ಟಿಗೆ ಕಟಗೊಂಡೀನಿ’ ಅಂತ ಓಣಿ ತುಂಬ ಹೇಳಿಕೋತ ಹೋದ್ಲಂತ.”

“ಹೊಲ ಎಷ್ಟು ದೂರ?”

“ಎರಡ ಮೈಲಿ.”

“ಎಷ್ಟೊತ್ತಿಗೆ ಉಣ್ತಾಳ?”

“ಬರೋಬ್ಬರಿ ಒಂದಕ್ಕ.”

ಅರಕೇರಾ ಬಸ್ಸು ಬಂತು. ಇಬ್ಬರೂ ಓಡಿ ಹತ್ತಿದರು. ತಾಯಣ್ಣ ತಲೆಯೆತ್ತಿ ನಿಲ್ದಾಣದ ಗಡಿಯಾರ ನೋಡಿದ. ಒಂದಕ್ಕೆ ಹತ್ತು ನಿಮಿಷವಿತ್ತು.