ನಾಟಕದ ಮೊದಲರ್ಧ

ನಾಟಕದ ಟಿಕೆಟ್ ಸಾಲಿನಲ್ಲಿ ಅಂಚೆ ಗುಮಾಸ್ತನ ಮುಂದೆ ನಿಂತಿದ್ದ ಇಬ್ಬರು ಹೆಂಗಸರಿಗೂ ತಲೆ ಪೂರಾ ನರೆತಿತ್ತು. ಮಾತು ಮಾತ್ರ ಹಾಸ್ಟೆಲ್ ಹುಡುಗಿಯರದ್ದು. ಅವನ ಕಾಲು ಸಾಲಿನಲ್ಲಿತ್ತು, ಕಿವಿ ಅವರ ಮಾತಿನಲ್ಲಿ.

“ಎಂ.ಎ. ಓದುವಾಗ ಇದೇ ನಾಟಕ ನೋಡಿದ್ವಲ್ಲೇ.”

“ಅರ್ಧ ನೋಡಿದ್ವಿ. ಏಳು ಗಂಟೆವರೆಗೂ ಕ್ಲಾಸು. ಎದ್ದೂ ಬಿದ್ದೂ ಓಡಿ ಬರೋ ಹೊತ್ತಿಗೆ ಇಂಟರ್ವಲ್.”

“ಬಾಗಿಲು ಕಾಯೋ ತಾತ ಪುಕ್ಕಟೆ ಒಳಗೆ ಬಿಡ್ತಿದ್ದ.”

“ಎರಡು ವರ್ಷದಲ್ಲಿ ಒಂದು ನಾಟಕದ ಶುರುವೂ ನೋಡಲಿಲ್ಲ ನಾವು.”

“ನೋಡದಿದ್ರೆ ಏನಾಯ್ತು? ವಾಪಸ್ ನಡ್ಕೊಂಡು ಹೋಗ್ತಾ ಮೊದಲರ್ಧದ ಕಥೆ ನೀನೇ ಕಟ್ಟಿ ಹೇಳ್ತಿದ್ದೆ. ಇದರಲ್ಲಿ ಅಕ್ಕ ತಂಗಿ ಹತ್ರ ಯಾಕೆ ಮಾತು ಬಿಟ್ಟಳು ಅಂತ ನೀನು ಹೇಳಿದ್ದಕ್ಕೆ ನಾನು ಸೇತುವೆ ಮೇಲೆ ನಿಂತು ಅತ್ತಿದ್ದೆ. ಬೆಳಿಗ್ಗೆ ಪರೀಕ್ಷೆ ಬೇರೆ.”

“ಇವತ್ತು ನಿಜವಾದ ಕಾರಣ ಗೊತ್ತಾಗತ್ತೆ ಬಿಡು.”

ಟಿಕೆಟ್ ಕೈಗೆ ಬಂತು. ಮೊದಲ ಬೆಲ್ ಆಯಿತು. ಇಬ್ಬರೂ ಕದಲಲಿಲ್ಲ.

“ಒಳಗೆ ಹೋಗೋಣ್ವಾ?” ಎಂದಳು ಕಥೆ ಕಟ್ಟಿದವಳು.

“ಇಂಟರ್ವಲ್‌ಗೆ ಹೋಗೋಣ ಕಣೇ. ಈಗ ಟೀ ಕುಡಿಯೋಣ ಬಾ.”

ಅವರು ರಸ್ತೆ ದಾಟುವಾಗ ಗುಮಾಸ್ತನಿಗೆ ಇನ್ನೊಂದೇ ಮಾತು ಕೇಳಿಸಿತು.

“ಅಕ್ಕ ಯಾಕೆ ಮಾತು ಬಿಟ್ಟಳು, ಇನ್ನೊಂದ್ಸಲ ಹೇಳೇ.”