ಬೆಲ್ಲ ಮಾಡಿದ ಗದ್ದಲ

ತಾಯಂದಿರೇ, ಅಣ್ಣಂದಿರೇ, ಹಿಂದೆ ಕಂಬಕ್ಕೆ ಒರಗಿ ಫೋನು ಒತ್ತುತ್ತಿರುವ ಮಹಾನುಭಾವರೇ, ಸ್ವಲ್ಪ ಇತ್ತ ನೋಡಿ. ಮನೆಯಲ್ಲಿ ಪ್ರೀತಿ ಒಂದಿದ್ದರೆ ಸಾಕು ಎನ್ನುತ್ತೀರಲ್ಲ, ನಿಜವಾಗಿ ಸಾಕೇ? ಒಬ್ಬ ಸಾಹುಕಾರನ ಕಥೆ ಕೇಳಿ, ಆಮೇಲೆ ಹೇಳಿ.

ಅವನದು ಅಂಟಿನುಂಡಿ ವ್ಯಾಪಾರ. ಮರದ ಅಂಟು, ಕೊಬ್ಬರಿ, ಉತ್ತತ್ತಿ, ಶುಂಠಿ, ಬೆಲ್ಲ ಹಾಕಿ ಬಾಣಂತಿಯರಿಗೆ ಕಟ್ಟುವ ಉಂಡಿ. ಊರೂರಿಗೆ ಅವನ ಡಬ್ಬಿ ಹೋಗುತ್ತಿತ್ತು. ಕಲಬೆರಕೆ ಎಂದರೆ ಅವನಿಗೆ ಮೈ ಉರಿ. ಅದಕ್ಕೇ ಕಾರ್ಖಾನೆಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ದೊಡ್ಡ ಯಂತ್ರ ತಂದಿಟ್ಟ. ಅದು ಕಣ್ಣಿಗೆ ಕಾಣದ ಕಣಗಳನ್ನು ತೂಗುತ್ತದೆ, ಒಡೆಯುತ್ತದೆ, ಯಾವ ಚೂರು ಯಾವ ತಾಯಿಕಣದ್ದು ಎಂದು ಉದ್ದಗಲದ ನಕ್ಷೆಯಲ್ಲಿ ಚುಕ್ಕೆ ಇಟ್ಟು ತೋರಿಸುತ್ತದೆ.

ಹೊಸ ಕಡೆಯಿಂದ ಅಂಟು ಬಂತು. ಉಂಡಿ ಕಟ್ಟಿ ಪರೀಕ್ಷೆಗಿಟ್ಟರು. ನಕ್ಷೆ ನೋಡಿದರೆ ಮೇಲಿಂದ ಕೆಳಗೆ ಬರೀ ಗೆರೆ, ಯಾರೋ ಬಾಚಣಿಗೆ ಎಳೆದಂತೆ!

“ಏನ್ರಿ ಮೇಡಂ ಈ ಹೊಲಸು?” ಎಂದ ಸಾಹುಕಾರ.

ಯಂತ್ರ ನೋಡಿಕೊಳ್ಳುವ ಮೇಡಂ ಹೇಳಿದಳು: “ಬೆಲ್ಲದ ಗದ್ದಲರಿ. ಬೆಲ್ಲದ ಕಣ ಭಾಳ ಅದಾವು. ಪ್ರತಿ ಸಲ ಅಳತಿ ಮಾಡುವಾಗ ಒಂದೀಟು ಹೆಚ್ಚು ಕಮ್ಮಿ ಆಗ್ತಾವು. ಆ ಓಲಾಟನೇ ಈ ಗೆರಿ.”

“ಹಂಗಾರ ಒರಸ್ರಿ.”

“ಹಗೂರ ಒರಸಬೇಕ್ರಿ. ಗದ್ದಲ ಪ್ರತಿ ಸಲ ಜಾಗಾ ಬದಲಿಸ್ತದ. ಖರೇ ಚುಕ್ಕಿ ಕುಂತಲ್ಲೇ ಕುಂತಿರ್ತದ. ಮತ್ತ ಮತ್ತ ಅಳದು, ಒಂದರ ಮ್ಯಾಲೊಂದು ಇಟ್ಟು ನೋಡಬೇಕು. ವಾರ ಹಿಡೀತದ.”

“ವಾರ? ಬಾಣಂತ್ಯಾರು ವಾರ ತಡೀತಾರೇನು? ಒಂದು ಮಟ್ಟ ಹಿಡೀರಿ, ಅದರ ಕೆಳಗಿಂದು ಎಲ್ಲಾ ತಗದ ಒಗೀರಿ!”

ಒಗೆದರು, ಗೆರೆಯ ಜೊತೆಗೆ ಸಣ್ಣ ಚುಕ್ಕೆಗಳನ್ನೂ. ನಕ್ಷೆ ಸಾರಿಸಿದ ಅಂಗಳದಂತೆ ಚೊಕ್ಕವಾಯಿತು. ಸಾಹುಕಾರ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಸಿಟ್ಟು ಬರುವುದಿಲ್ಲವೇ ನಿಮಗೆ? ನನಗೆ ಬರುತ್ತದೆ. ಆದರೆ ನೋಡಿ, ಅವನು ಕೆಟ್ಟವನಲ್ಲ. ಆ ಹೊಸ ಉಂಡಿಯ ಮೊದಲ ಡಬ್ಬಿಯನ್ನು ಅವನು ಒಯ್ದದ್ದು ಯಾರಿಗೆ? ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ಸ್ವಂತ ಮಗಳು ಸುವರ್ಣಾಗೆ. ತಾನೇ ಮುರಿದು, ತಾನೇ ಬಾಯಿಗಿಟ್ಟ.

“ತಿನ್ನವ್ವಾ, ನನ್ನ ಬಂಗಾರ.”

“ಅಪ್ಪಾ, ನಾಲಿಗಿ ತುದಿ ಜುಂ ಅಂತದ.”

“ಬಾಣಂತಿ ನಾಲಿಗಿ ಹಂಗಽ ಇರ್ತದ. ನಿಮ್ಮವ್ವಗೂ ಹಂಗಽ ಆಗ್ತಿತ್ತು!”

ಅವ್ವನಿಗೆ ಏನಾಗುತ್ತಿತ್ತೋ, ಯಾವನು ಕೇಳಿದ್ದ?

ಮರುದಿನ ಮಗಳು ಮತ್ತೆ ಅಂದಳು: “ತುದಿ ಜುಂ ಅಂತದಪ್ಪಾ.”

“ಶುಂಠಿ ಹೆಚ್ಚಾಗಿರಬೇಕು ತಗೋ. ನುಂಗು.”

ಅದರ ಮರುದಿನವೂ ಅದೇ ಮಾತು.

“ನಿದ್ದಿಗೆಟ್ಟೀದಿ, ಅದಕ್ಕ. ಇನ್ನೊಂದು ತಿಂದು ಮಲ್ಕೋ ನನ್ನವ್ವಾ.”

ಹಾಲು ಕುಡಿಯುವ ಕೂಸು ಒಂದು ಬೆಳಿಗ್ಗೆ ಕಣ್ಣು ಬಿಡಲೊಲ್ಲದು. ಪಾದ ಉಜ್ಜಿದರೂ ಅಳಲೊಲ್ಲದು. ಸಾಹುಕಾರನ ಬಾಯಿಂದ ಮೊದಲ ಸಲ ಮಾತು ಹೊರಡಲಿಲ್ಲ.  ಆಗ ಸುವರ್ಣಾ, ದನಿ ಏರಿಸದೆ, ಕೂಸಿನ ತಲೆ ಸವರುತ್ತ ಅಂದಳು: “ನಾಲಿಗಿ ತುದಿ ಅಪ್ಪಾ. ಅಂದಿನಿಂದ ಅದನ್ನಽ ಹೇಳಾಕತ್ತೀನಿ.”

 ತಾನು ಅಂದದ್ದೇನು? ಒಂದು ದಿನ ಬಾಣಂತಿ ನಾಲಿಗೆ, ಒಂದು ದಿನ ಶುಂಠಿ, ಒಂದು ದಿನ ನಿದ್ದೆ. ದಿನಕ್ಕೊಂದು ಜಾಗಕ್ಕೆ ಹಾರಿದ್ದು ತನ್ನ ಮಾತು. ಕುಂತಲ್ಲೇ ಕುಂತಿದ್ದು ಮಗಳ ಮಾತು.

ತಾಯಿ, ಮಗು ಇಬ್ಬರನ್ನೂ ದವಾಖಾನೆಗೆ ಮುಟ್ಟಿಸಿ, ಸಾಹುಕಾರ ಬರಿಗಾಲಲ್ಲೇ ಕಾರ್ಖಾನೆಗೆ ಓಡಿದ. ಮೊದಲು ಡಬ್ಬಿಗಳನ್ನೆಲ್ಲ ವಾಪಸು ಕರೆಸಿದ. ಆಮೇಲೆ ಕೇಳಿದ: “ಮೇಡಂ, ಒರಸೂಕಿಂತ ಮೊದಲಿಂದು ಉಳದದೇನ್ರಿ?”

“ಉಳದದರಿ. ಮೂಲ ಅಳತಿ ನಾವು ಅಳಸೂದಿಲ್ಲ. ಆದ್ರ ಇನ್ನಷ್ಟು ಅಳೀಬೇಕು.”

“ಅಳೀರಿ. ನಾ ಇಲ್ಲೇ ಕುಂದರ್ತೀನಿ. ಬಾಯಿ ಬಿಡೂದಿಲ್ಲ.”

ವಾರದ ಕೆಲಸವನ್ನು ಹಗಲು ರಾತ್ರಿ ಯಂತ್ರ ನಿಲ್ಲಿಸದೆ ಎರಡೇ ದಿನಕ್ಕೆ ತಂದರು: ಅಳೆದರು, ಮತ್ತೆ ಅಳೆದರು, ಒಂದರ ಮೇಲೊಂದು ಇಟ್ಟರು. ಬೆಲ್ಲದ ಗೆರೆ ತೆಳುವಾಗುತ್ತ ಹೋಯಿತು. ಅದರ ಮಗ್ಗುಲಲ್ಲೇ ಒಂದು ಚುಕ್ಕೆ, ಸಾಸಿವೆಯಷ್ಟು, ಅಲ್ಲಾಡದೆ ಎದ್ದು ಬಂತು. ಮತ್ತಾವುದೋ ಮರದ ಅಂಟು ಬೆರೆತಿತ್ತು. ತಾಯಿಯ ನಾಲಿಗೆಗೆ ಜುಂ ಎಂದದ್ದು ಹಾಲಿನಲ್ಲಿ ಇಳಿದು ಕೂಸಿಗೆ ಮಂಪರಾಗಿತ್ತು. ವಿಷಯ ತಿಳಿದ ಡಾಕ್ಟರು ತಕ್ಕ ಮದ್ದು ಕೊಟ್ಟರು. ಅಂದೇ ಸಂಜೆಗೆ ಕೂಸು ಕಿಟಾರನೆ ಕಿರುಚಿತು. ಸಾಹುಕಾರ ದವಾಖಾನೆಯ ಕಟ್ಟೆಯ ಮೇಲೆ ಕೂತು ಆ ಅಳುವನ್ನು ಕೇಳಿ ಕೇಳಿ ನಕ್ಕ.

ಈಗ ಹೇಳಿ, ಸಣ್ಣ ಚುಕ್ಕೆಯನ್ನು ಮುಚ್ಚಿದ್ದು ಯಾವುದು? ಕಹಿಯೇ? ವೈರಿಯೇ? ಅಲ್ಲ, ಬೆಲ್ಲ! ಮನೆಯಲ್ಲೂ ಹಾಗೆಯೇ ಅಲ್ಲವೇ? “ನನ್ನ ಬಂಗಾರ” ಅನ್ನುವ ಬಾಯಿಯೇ ಬಂಗಾರದ ಮಾತಿನ ಮೇಲೆ ಗೆರೆ ಎಳೆಯುತ್ತದೆ. ಪ್ರೀತಿ ಕಮ್ಮಿ ಮಾಡಿ ಎನ್ನುತ್ತಿಲ್ಲ ನಾನು. ಅದರ ಸದ್ದು ಕಮ್ಮಿ ಮಾಡಿ! ಹೆಂಡತಿ “ಸೊಂಟ ನೋಯ್ತದ” ಎಂದರೆ ಕಾರಣ ನೀವು ಹೇಳಬೇಡಿ. ಸೊಸೆ “ಏನಿಲ್ಲ” ಎಂದರೆ ನಾಳೆ ಮತ್ತೆ ಕೇಳಿ, ನಾಡಿದ್ದೂ ಕೇಳಿ. ಅದೇ ಮಾತು ಅದೇ ಜಾಗದಲ್ಲಿ ಕೂತಿದ್ದರೆ, ಎಷ್ಟೇ ಸಣ್ಣದಿರಲಿ, ಚಪ್ಪಲಿ ಮೆಟ್ಟಿ ಹೊರಡಿ, ಡಾಕ್ಟರ ಹತ್ತಿರವೋ, ಶಾಲೆಗೆ ಹೋಗುವ ಮಗುವಿನ ಮಾತಾದರೆ ಮೇಷ್ಟ್ರ ಹತ್ತಿರವೋ. ನನ್ನ ಪ್ರವಚನ ಇಷ್ಟೇ. ಪ್ರಸಾದ ತೆಗೆದುಕೊಂಡು ಬೇಗ ಮನೆಗೆ ನಡೆಯಿರಿ. ಅಲ್ಲಿ ಯಾರೋ ಒಬ್ಬರು ಆಗಲೇ ಎರಡು ಸಲ ಹೇಳಿಯಾಗಿದೆ.